ಅಂಬು ಮಾಸ್ಟರರ ಕಂಪ್ಯೂಟರಿಗೆ ಎರಡನೇ ಮನೆ

ಬೆಳಗಿನ ಐದೂವರೆ. ಕೇರಳದ ಪಯ್ಯನ್ನೂರಿನ ಹೊರವಲಯದ ಮನೆಯ ಜಗಲಿಯಲ್ಲಿ ತಂಕಮಣಿ ಬಣ್ಣ ಬಳಿಯುವ ಕುಂಚ ಹಿಡಿದು, ಹಿಂಬದಿ ಬಿಚ್ಚಿದ ಲ್ಯಾಪ್‌ಟಾಪಿನ ಫ್ಯಾನಿನಿಂದ ಧೂಳು ತೆಗೆಯುತ್ತಿದ್ದಾರೆ. ಒಳಗೆ ಒಲೆಯ ಮೇಲೆ ಅಕ್ಕಿಹಿಟ್ಟಿನ ಪುಟ್ಟು ಬೇಯುತ್ತಿದೆ. ಧೂಳಿನ ಜೊತೆ ಒಣಗಿದ ಹಲ್ಲಿ ಮರಿಯೊಂದು ಉದುರುತ್ತದೆ. "ಬಾಡಿಗೆ ಕೊಡದೆ ಎಷ್ಟು ವರ್ಷ ಕೂತಿತ್ತೋ!" ಎಂದು ಅದನ್ನು ಅಂಗಳಕ್ಕೆ ಎಸೆಯುತ್ತಾರೆ.

ಐವತ್ತಾರು ವರ್ಷದ ತಂಕಮಣಿ ಸತ್ತವೆಂದು ಎಲ್ಲರೂ ಕೈಬಿಟ್ಟ ಕಂಪ್ಯೂಟರುಗಳನ್ನು ಎಬ್ಬಿಸುತ್ತಾರೆ. ಹನ್ನೊಂದು ವರ್ಷಗಳಲ್ಲಿ ಮುನ್ನೂರ ನಲವತ್ತು. ವಾಚನಾಲಯಗಳಿಗೆ, ಹೊಲಿಗೆ ಸಂಘಗಳಿಗೆ, ಹಾಸಿಗೆ ಹಿಡಿದವರ ಮನೆಗಳಿಗೆ ಅವು ಹೋಗಿವೆ. ಇಷ್ಟು ವರ್ಷ ಇದೇ ಊರಿನಲ್ಲಿರುವ ನನಗೆ ಈ ಹೆಂಗಸಿನ ಬಗ್ಗೆ ಬರೆಯಲು ಈಗ ಬುದ್ಧಿ ಬಂತು ಎನ್ನುವುದು ನಾಚಿಕೆಯ ಮಾತು.

ಮೊದಲು ಬಸ್‌ಸ್ಟ್ಯಾಂಡಿನ ಎದುರು ಅವರದೊಂದು ಡಿಟಿಪಿ ಅಂಗಡಿಯಿತ್ತು. ಮದುವೆ ಕಾಗದ, ಉತ್ಸವದ ನೋಟೀಸು, ಸಂಘದ ವರದಿ ಎಲ್ಲವೂ ಅವರ ಬೆರಳಿನಿಂದಲೇ. ಒಂದು ದಿನ ಅಂಗಡಿಯ ಕಂಪ್ಯೂಟರು ತೆವಳತೊಡಗಿತು. ಹೊಸದನ್ನೇ ಕೊಳ್ಳಬೇಕು ಎಂದರು ರಿಪೇರಿಯವರು. ಕೊಳ್ಳುವ ಶಕ್ತಿ ಇರಲಿಲ್ಲ. ಅಂಗಡಿಗೆ ಬೀಗ ಬಿತ್ತು. ಆರು ತಿಂಗಳು ಅದೇ ಕಂಪ್ಯೂಟರಿನ ಮೇಲೆ ಹಪ್ಪಳ ಒಣಗಿತು. ಕೊನೆಗೆ ಪಕ್ಕದ ಮನೆಯ ಶಾಲಾ ಹುಡುಗಿ, "ಇದ್ದ ಸಾಫ್ಟ್‌ವೇರ್ ತೆಗೆದು ನಮ್ಮ ಸ್ಕೂಲಿನ ಲಿನಕ್ಸ್ ಹಾಕಿ ನೋಡಿ ಚೇಚಿ, ಬಿಟ್ಟಿ ಸಿಗ್ತದೆ" ಎಂದಳು. ಚೇಚಿ ಎಂದರೆ ಇಲ್ಲಿ ಅಕ್ಕ.

"ಹಾಕಿದೆ. ಕುದುರೆಯ ಹಾಗೆ ಓಡಿತು!" ತಂಕಮಣಿ ಈಗಲೂ ಅದೇ ಬೆರಗಿನಿಂದ ಹೇಳುತ್ತಾರೆ. "ಅದಕ್ಕೆ ವಯಸ್ಸಾದ್ದಲ್ಲ ಮಾರಾಯ್ರೆ, ಹೊರೆ ಹೆಚ್ಚಾದ್ದು. ಹಗುರದ್ದು ಹೊರಿಸಿದ್ರೆ ಇನ್ನೂ ಹತ್ತು ವರ್ಷ ನಡೀತದೆ."

ಇಂದು ಅವರ ಕೈಯಲ್ಲಿರುವುದು ತೀರಿಕೊಂಡ ಅಂಬು ಮಾಸ್ಟರರ ಲ್ಯಾಪ್‌ಟಾಪು. ಹೋಗಬೇಕಾದದ್ದು ಪವಿತ್ರನ್ ಮನೆಗೆ. ಒಂಬತ್ತು ವರ್ಷಗಳ ಹಿಂದೆ ತೆಂಗಿನ ಮರದಿಂದ ಬಿದ್ದ ಪವಿತ್ರನ್‌ಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಮಲಗಿದಲ್ಲೇ ಕೊಡೆ ಹೊಲಿಯುತ್ತಾನೆ, ಮಳೆ ನಿಂತರೆ ಕೆಲಸವೂ ನಿಲ್ಲುತ್ತದೆ. ತಂಕಮಣಿಯಿಂದ ಟೈಪಿಂಗ್ ಕಲಿತ ಅವನಿಗೆ ಪೇಟೆಯ ಪ್ರೆಸ್ಸೊಂದು ಎಂಟು ಪುಟದ ಕೈಬರಹ ಕಳಿಸಿ, ಇಂದು ಸಂಜೆಯೊಳಗೆ ಟೈಪ್ ಮಾಡಿ ಕೊಟ್ಟರೆ, ಚೆನ್ನಾಗಿದ್ದರೆ ವರ್ಷವಿಡೀ ಕೆಲಸ ಎಂದಿದೆ.

ಆದರೆ ತಂಕಮಣಿಯದೊಂದು ಕಟ್ಟುನಿಟ್ಟು. ಕೊಟ್ಟವರು ಪಕ್ಕದಲ್ಲಿ ಕೂತು ಒಳಗಿದ್ದುದನ್ನೆಲ್ಲ ನೋಡಬೇಕು, ಬೇಕಾದ್ದನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಬೇಕು. ಆಮೇಲೆ ಎಲ್ಲವನ್ನೂ ಅಳಿಸುವ ಗುಂಡಿಯನ್ನು ಅವರೇ ಒತ್ತಬೇಕು. ಮೊದಲ ವರ್ಷ ಒಂದು ಮನೆಯ ಯಂತ್ರವನ್ನು ಕೇಳದೆ ಅಳಿಸಿಬಿಟ್ಟಿದ್ದರು. ಗಲ್ಫಿನಲ್ಲಿ ತೀರಿಕೊಂಡ ಆ ಮನೆಯಾಕೆಯ ಗಂಡನ ದನಿ ಇದ್ದದ್ದು ಅದೊಂದರಲ್ಲೇ. "ಆಕೆ ಬೈಯಲಿಲ್ಲ. ನನಗೆ ಚಾಯ ಮಾಡಿಕೊಟ್ಟಳು. ಬೈದಿದ್ರೆ ಎಷ್ಟೋ ವಾಸಿ ಇತ್ತು," ಎನ್ನುವಾಗ ಕುಂಚ ನಿಲ್ಲುತ್ತದೆ.

ಏಳಕ್ಕೆ ಮಾಸ್ಟರರ ಹೆಂಡತಿ ಪದ್ಮಾಕ್ಷಿ ಟೀಚರ್ ಬರುತ್ತಾರೆ. ಇಬ್ಬರೂ ಪರದೆಯ ಮುಂದೆ ಕೂರುತ್ತಾರೆ. ಫೋಟೋಗಳು ಮುಗಿದ ಮೇಲೆ ಹದಿನೇಳು ಪತ್ರಗಳು ಸಿಗುತ್ತವೆ. ಎಲ್ಲವೂ ಮನೆಯೆದುರಿನ ಬೀದಿದೀಪ ಉರಿಯದ ಬಗ್ಗೆ ಪಂಚಾಯತಿಗೆ ದೂರು.

"ಉರೀತಾ ಟೀಚರೆ?"

"ಅವರು ಹೋದ ಮೇಲೆ ಉರೀತು. ಈಗ ನಿದ್ದೆ ಬರೂದಿಲ್ಲ, ಕಿಟಿಕಿಯಿಂದ ಬೆಳಕು." ಟೀಚರ್ ನಗುತ್ತಾರೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಎಲ್ಲವೂ ಪೆನ್‌ಡ್ರೈವಿಗೆ ಇಳಿದಿದೆ. ಆದರೂ ಗುಂಡಿಯ ಮೇಲೆ ಬೆರಳು ಹೋಗುವುದಿಲ್ಲ. "ಒಂದು ವಾರ ಬಿಟ್ಟು ಮಾಡುವಾ ತಂಕಂ?"

ಸಂಜೆಯ ಗಡುವು ನೆನೆದು ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ತಂಕಮಣಿ ಮಾತ್ರ ಎದ್ದು ಪುಟ್ಟು, ಕಡಲೆ ಸಾರು ತಂದಿಡುತ್ತಾರೆ. "ನಿಮಗೆ ಯಾವಾಗ ಮನಸ್ಸಾಗ್ತದೋ ಆಗ. ಮೊದಲು ತಿನ್ನಿ."

ಅರ್ಧ ಪುಟ್ಟು ಮುಗಿದಾಗ ಟೀಚರ್ ಕೇಳುತ್ತಾರೆ: "ಯಾರಿಗಿದು?"

"ನಮ್ಮ ಪವಿತ್ರನ್‌ಗೆ. ಟೈಪಿಂಗ್ ಕೆಲಸ ಸಿಗ್ಲಿಕ್ಕುಂಟು."

"ಯಾವ... ಕುಂಬಾರಗುಡ್ಡೆಯ ಪವಿತ್ರನಾ? ನಾಲ್ಕನೇ ಕ್ಲಾಸಲ್ಲಿ ನನ್ನ ಹತ್ರ ಕಲಿತವ! ಕಾಗುಣಿತ ಅಂದ್ರೆ ಓಡಿಹೋಗ್ತಿದ್ದ. ಬಿದ್ದ ಮೇಲೆ ಒಮ್ಮೆ ನೋಡಿ ಬಂದೆ. ಮತ್ತೆ ಹೋಗ್ಲಿಕ್ಕೆ ಧೈರ್ಯವೇ ಆಗ್ಲಿಲ್ಲ." ಕೈ ತೊಳೆದು ಬಂದ ಟೀಚರ್ ನಿಂತಲ್ಲಿಂದಲೇ ಗುಂಡಿ ಒತ್ತುತ್ತಾರೆ.

ಅರ್ಧ ಗಂಟೆಯಲ್ಲಿ ಲಿನಕ್ಸ್ ಕೂರುತ್ತದೆ. ಮೊದಲು ಎಚ್ಚರವಾಗಲು ಐದು ನಿಮಿಷ ಬೇಕಿತ್ತು, ಈಗ ನಲವತ್ತು ಸೆಕೆಂಡು. ಯಂತ್ರವನ್ನೆಲ್ಲ ಒರೆಸಿದರೂ ಕೀಬೋರ್ಡಿನ ಕೆಳಗೆ ಅಂಟಿಸಿದ ಚೀಟಿಯೊಂದನ್ನು ತಂಕಮಣಿ ಕೀಳುವುದಿಲ್ಲ. ಮಾಸ್ಟರರ ಕೈಬರಹ: "ಇಲ್ಲಿ ಚಾಯ ಇಡಬಾರದು." ಒಂಬತ್ತಕ್ಕೆ ಆಟೋ ಹತ್ತಿ ಪವಿತ್ರನ್ ಮನೆಗೆ ತಲುಪಿಸಿ, ಮಲಗಿದಲ್ಲಿಗೆ ಎಟಕುವಂತೆ ಹೊಂದಿಸಿ ಬರುತ್ತಾರೆ.

ಸಂಜೆ ಐದಕ್ಕೆ ಅವನ ಫೋನು. "ಚೇಚಿ, ಎಂಟೂ ಪುಟ ಕಳಿಸಿದೆ. ಎರಡೇ ತಪ್ಪಂತೆ. ನಾಳೆಯಿಂದ ಕೆಲಸ ಬರ್ತದೆ!" ಹಿಂದೆಯೇ ದೂರು: "ಚಾಯ ಮಾತ್ರ ಎಲ್ಲಿಡೂದು ಅಂತ ಗೊತ್ತಾಗ್ಲಿಲ್ಲ, ಆರಿಹೋಯ್ತು."

ತಂಕಮಣಿ ಕೂಡಲೇ ಟೀಚರಿಗೆ ಫೋನು ಹಚ್ಚುತ್ತಾರೆ. ನನಗೂ ಕೇಳಲೆಂದು ಸ್ಪೀಕರಿಗೆ ಹಾಕುತ್ತಾರೆ.

"ಎರಡು ತಪ್ಪಾ?" ಆ ಕಡೆಯಿಂದ ಗದರಿಕೆ. "ನಾಳೆಯೇ ನನ್ನ ಹತ್ರ ಬರ್ಲಿಕ್ಕೆ ಹೇಳು ಅವನಿಗೆ." ಮರುಕ್ಷಣವೇ ತಿದ್ದಿಕೊಳ್ಳುತ್ತಾರೆ. "ಅಲ್ಲ. ನಾನೇ ಹೋಗ್ತೇನೆ."

ಫೋನು ಕೆಳಗಿಟ್ಟ ತಂಕಮಣಿ ನನ್ನ ಚೀಲದತ್ತ ಬೆರಳು ತೋರುತ್ತಾರೆ. "ನಿಮ್ಮ ಲ್ಯಾಪ್‌ಟಾಪಿಗೆ ಎಷ್ಟು ವರ್ಷ?"

"ಎಂಟು. ನಿಧಾನ ಆಗಿದೆ. ಕೊಟ್ಟುಬಿಡುವಾ ಅಂತ."

"ಈಗ ಬೇಡ. ಹಗುರ ಮಾಡಿಕೊಡ್ತೇನೆ, ನೀವೇ ಇನ್ನೂ ಬರೀಬಹುದು. ಆದ್ರೆ ಒಳಗಿದ್ದದ್ದನ್ನೆಲ್ಲ ಒಮ್ಮೆ ಪಕ್ಕದಲ್ಲಿ ಕೂತು ನೋಡ್ಬೇಕು ನೀವು. ನಾಳೆ ಏಳಕ್ಕೆ ಬನ್ನಿ, ಪುಟ್ಟು ಇರ್ತದೆ."