ಎರಡು ನಡೆಯ ಕೋಟೆ

ಬಡಗಿಗೆ ಕೋಪ ಮೂಗಿನ ತುದಿಯಲ್ಲೇ. ಆಟಕ್ಕೆ ಕೂತರಂತೂ ಕೇಳುವುದೇ ಬೇಡ. ಕುರ್ಚಿಯ ಕಾಲು ಕಡೆದು ಉಳಿದ ತುಂಡುಗಳಲ್ಲಿ ಚದುರಂಗದ ಕಾಯಿಗಳನ್ನು ತಾನೇ ಮಾಡಿಕೊಂಡಿದ್ದ. ಎದುರಾಳಿ ಅವನ ಹೆಂಡತಿ. ಅವಳು ಹೊಲಿಗೆ ಮುಗಿಸಿ ಯಂತ್ರಕ್ಕೆ ಮುಚ್ಚಳ ಹಾಕಿದರೆ ಅದರ ಮೇಲೇ ಹಲಗೆ ಬರುತ್ತಿತ್ತು. ಆಮೇಲೆ ಇಬ್ಬರೂ ಹಾವು ಮುಂಗುಸಿ. ಆ ಮನೆಯಲ್ಲೊಂದು ಕಟ್ಟುನಿಟ್ಟು: ಹೊಡೆಯುವಾಗ ಬಿಟ್ಟರೆ ಎದುರಿನವರ ಕಾಯಿ ಮುಟ್ಟುವಂತಿಲ್ಲ.

ಕೋಟೆ ಕಟ್ಟುವುದೂ ಅಲ್ಲಿ ಬೇರೆ ಥರ. ಊರೆಲ್ಲ ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸಿದರೆ ಇವರದು ಎರಡು ನಡೆ. ಬಡಗಿಯ ಅಪ್ಪ ಕಲಿಸಿದ್ದೇ ಹಾಗೆ. ಹಿಂದೆ ರಾಜನಿಗೆ ಜನ್ಮಕ್ಕೊಂದು ಜಿಗಿತ ಇತ್ತಂತೆ. ಆಮೇಲೆ ಮಂತ್ರಿಗೂ ಒಂಟೆಗೂ ಹಲಗೆಯುದ್ದಕ್ಕೂ ಓಡುವ ಬಲ ಬಂತು, ನಡುವಿನಲ್ಲಿ ಕೂತ ರಾಜನಿಗೆ ಉಳಿಗಾಲವಿಲ್ಲದಾಯಿತು. ಅದಕ್ಕೇ ಮೊದಲು ಆನೆ ಬಂದು ಅವನ ಪಕ್ಕ ನಿಲ್ಲಬೇಕು, ಮುಂದಿನ ಸರದಿಗೆ ಅವನು ಅದನ್ನು ದಾಟಬೇಕು. ಜನಕ್ಕೆ ತಾಳ್ಮೆಯಿಲ್ಲ, ಎರಡನ್ನೂ ಸೇರಿಸಿ ಒಂದು ಮಾಡಿಕೊಂಡರು. ಇವರ ಲೆಕ್ಕದಲ್ಲಿ ಆ ಎರಡು ನಡೆಗಳ ಮಧ್ಯೆ ರಾಜನಿಗೆ ಚೆಕ್ ಬಿದ್ದರೆ ಜಿಗಿತ ಹೋದಂತೆಯೇ.

“ಆಪತ್ತು ಬಂದಾಗ ಆಗದಿದ್ರೆ ಅದೆಂಥಾ ಕೋಟೆ ರೀ?” ಎಂದು ಹೆಂಡತಿ ಒಮ್ಮೆ ಕೇಳಿದ್ದಳು.

“ಮನೆಗೆ ಬೆಂಕಿ ಬಿದ್ಮೇಲೆ ಬಾವಿ ತೋಡ್ತಾರಾ? ಮೊದಲೇ ಕಟ್ಕೋಬೇಕು” ಎಂದಿದ್ದ.

ಹೃದಯದ ಆಪರೇಷನ್ನಿಗೆಂದು ಅವಳು ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಆಟ ಅರ್ಧಕ್ಕೆ ನಿಂತಿತ್ತು. ಅವಳ ಆನೆ ಬಂದು ರಾಜನ ಪಕ್ಕ ನಿಂತಾಗಿತ್ತು. ಸರದಿ ಬಡಗಿಯದು. ಅವನ ಒಂಟೆ ಚೆಕ್ ಕೊಡಲು ತುದಿಗಾಲಲ್ಲಿತ್ತು. ಅದು ಅವಳಿಗೂ ಕಂಡಿತು.

“ಇದೊಂದ್ಸಲ ಚೆಕ್ ಕೊಡ್ಬೇಡಿ ರೀ. ಬಂದು ರಾಜನ್ನ ದಾಟಿಸ್ಕೋತೀನಿ.”

“ಆಟ ಅಂದ್ರೆ ಆಟ. ನೀನು ಮೊದ್ಲು ಬಾ, ಆಮೇಲೆ ನೋಡೋಣ.”

ಅವಳು ನಕ್ಕು ಚಪ್ಪಲಿ ಮೆಟ್ಟಿದಳು. ಹೂಂ ಅಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಅನ್ನಲಿಲ್ಲ. ಅವಳು ಆಸ್ಪತ್ರೆಯಿಂದ ಜೀವಂತವಾಗಿ ಬರಲಿಲ್ಲ.

ಬಂದ ನೆಂಟರೆಲ್ಲ ಹೋದ ಮೇಲೆ ಮಗಳು ಯಂತ್ರದ ಧೂಳು ಒರೆಸಲು ಬಂದಳು. ಅವಳಿಗೆ ಆಟದ ಗಂಧಗಾಳಿಯೂ ಇಲ್ಲ.

“ಈ ಹಲಗೆ ಎತ್ತಿಡ್ಲಾ ಅಪ್ಪಾ?”

“ಬೇಡ, ಇರು.”

ಬಡಗಿಯ ಕೈ ಅಭ್ಯಾಸಬಲದಿಂದ ಒಂಟೆಯ ತನಕ ಹೋಗಿ ನಿಂತಿತು. ಆಮೇಲೆ ಮೂಲೆಯ ಕಾಲಾಳೊಂದನ್ನು ಸುಮ್ಮನೆ ಒಂದು ಮನೆ ಮುಂದೆ ತಳ್ಳಿದ. ಇನ್ನು ಅವಳ ಸರದಿ. ಅವಳ ರಾಜ ಕೈಗೆಟಕುವಷ್ಟು ಹತ್ತಿರವೇ ಇದ್ದ, ಆದರೆ ಅದು ಅವಳ ಕಾಯಿ. ಇಷ್ಟು ವರ್ಷ ಮುಟ್ಟದ್ದನ್ನು ಈಗಲೂ ಮುಟ್ಟಲಾಗಲಿಲ್ಲ.

“ಅಮ್ಮನ ಜಾಗದಲ್ಲಿ ಕೂತ್ಕೋ ಮಗಳೇ. ಆ ರಾಜನ್ನ ಎತ್ತಿ ಆನೆಯ ಆಚೆ ಕಡೆ ಇಡು.”

ಮಗಳು ಕೂತು, ಎತ್ತಿ, ಇಟ್ಟಳು. “ಇಷ್ಟೇನಾ ಅಪ್ಪಾ?”

“ಇಷ್ಟೇ ಕಣೇ ಅವಳು ಕೇಳಿದ್ದು” ಎಂದು ಬಡಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.