ಹೆಣದ ಹೊಟ್ಟೆ ಮತ್ತು ನಮ್ಮ ಓಣಿಯ ಅಳು

ನಮ್ಮ ಓಣಿಯ ಹೆಂಗಸರು ಹಬ್ಬಕ್ಕೊಮ್ಮೆ ಸೇರಿ ಅಳುತ್ತಾರೆ. ಹೋಳಿಗೆ ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯ ಟಿವಿ ಮುಂದೆ ಚಾಪೆ ಹಾಸಿದರೆಂದರೆ ಶುರು. ದೀಪಾವಳಿ ಇರಲಿ, ಯುಗಾದಿ ಇರಲಿ, ಚಾನೆಲ್ಲಿನವರು ತೋರಿಸುವುದು ಒಂದೇ ಹಳೆಯ ಭಕ್ತಿ ಸಿನಿಮಾ. ಅತ್ತೆಯ ಕಾಟ, ಗಂಡನಿಗೆ ಹಾವು ಕಡಿತ, ಹೆಣದ ಮೇಲೆ ಬಿದ್ದು ಸೊಸೆ ಹಾಡುವ ಮುಗಿಯದ ಹಾಡು, ದೇವಿ ಪ್ರತ್ಯಕ್ಷ, ಗಂಡ ಎದ್ದು ಕೂರುವುದು. ಹಾಡು ಬಂತೆಂದರೆ ಎಲ್ಲರ ಸೆರಗೂ ಕಣ್ಣಿಗೆ. ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಪಕ್ಕದ ಮನೆಯ ಖಾಲಾ ಅಳುವುದರಲ್ಲಿ ಎತ್ತಿದ ಕೈ. ನನ್ನ ಅವ್ವ ಮಾತ್ರ ಸದ್ದಿಲ್ಲದೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಬೇರೆ ದಿನ ಆಕೆಯ ಕಣ್ಣಲ್ಲಿ ನೀರು ಕಾಣಬೇಕಾದರೆ ಉಳ್ಳಾಗಡ್ಡಿ ಹೆಚ್ಚಬೇಕು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳುವವಳು. ಈ ಸಿನಿಮಾ ಕಂಡರೆ ನನಗೆ ಮೈಯೆಲ್ಲ ಉರಿ. ಸತ್ತವನ ಹೊಟ್ಟೆ ಹಾಡಿನುದ್ದಕ್ಕೂ ಏರುತ್ತದೆ, ಇಳಿಯುತ್ತದೆ. ದೇವಿ ತನ್ನದೇ ಹೊಗೆಗೆ ಕೆಮ್ಮು ತಡೆದುಕೊಂಡು ವರ ಕೊಡುತ್ತಾಳೆ. ಖಾಲಾನ ಮಗನಿಗೂ ಇದೇ ಸಿಟ್ಟು. ಅವನದು ಮೋಟರ್ ವೈಂಡಿಂಗ್ ಅಂಗಡಿ. ಕಳೆದ ದೀಪಾವಳಿಗೆ ಮೊದಲು ನಾವಿಬ್ಬರೂ ಅಲ್ಲಿ ಕೂತು, ಸಿನಿಮಾ ಹಚ್ಚಿಕೊಂಡು, ಪ್ರತಿ ಸೀನಿಗೂ ಗೇಲಿ ಮಾಡುತ್ತಾ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆವು. ಅದನ್ನು ನೆಂಟರಿಗೆಲ್ಲ ಕಳಿಸಿ, "ಮೊದಲ ಸೀನಿನಲ್ಲಿ ದೀಪ ಹತ್ತಿದ ಕೂಡಲೇ ಇದನ್ನು ಹಚ್ಚಿ, ಸಿನಿಮಾ ನೋಡುತ್ತಾ ಕೇಳಿ" ಎಂದು ಬರೆದೆವು. ನಡುವೆ ಜಾಹೀರಾತು ಬರುತ್ತದೆಂಬುದು ವಿಜ್ಞಾನ ಕಲಿಸುವ ನನಗಾಗಲಿ, ಮೋಟರ್ ಬಿಚ್ಚಿ ಕಟ್ಟುವ ಅವನಿಗಾಗಲಿ ಹೊಳೆಯಲಿಲ್ಲ.

ಹಬ್ಬದ ದಿನ ನಮ್ಮ ಮಾತು ಒಂದು ಕಡೆ, ಸಿನಿಮಾ ಒಂದು ಕಡೆ. ಕಿರೀಟ ಬಿಸ್ಕೆಟ್ ಡಬ್ಬಿಯ ತಗಡಿನದು ಎಂದು ನಾನು ಅಂದ ಮಾತು ಹರಪನಹಳ್ಳಿಯಲ್ಲಿ ಬಂಗಾರದಂಗಡಿಯ ಜಾಹೀರಾತಿಗೆ ಸರಿಯಾಗಿ ಕೂತಿತು. ಮಗಳ ಮದುವೆಗೆ ಅದೇ ಅಂಗಡಿಯಲ್ಲಿ ಸರ ಮಾಡಿಸಲು ಕೊಟ್ಟಿದ್ದ ಮಾವ ಗಾಬರಿಯಿಂದ ಫೋನ್ ಮಾಡಿ, "ಖರೇ ಹೇಳು, ನಿನಗ ಯಾರು ಹೇಳಿದ್ರು?" ಎಂದರು. ಕೊಟ್ಟೂರಿನಲ್ಲಿ ಹೆಣದ ಹೊಟ್ಟೆಯ ವರ್ಣನೆ ಮದುವೆ ದಿಬ್ಬಣದ ಮೇಲೆ ಬಂತು. ಹಡಗಲಿಯಲ್ಲಿ ಕರೆಂಟೇ ಹೋಯಿತು. ಅಲ್ಲಿನ ನೆಂಟರು ಬರೀ ನಮ್ಮ ಆಡಿಯೋ ಕೇಳಿ, ಸಿನಿಮಾ ಈ ಸಲ ಬಾಳ ಚಲೋ ಇತ್ತು ಎಂದರು.

ನಮ್ಮ ಮನೆಯಲ್ಲಿ ಮಾತ್ರ ಖಾಲಾನ ಮಗ ಮೊಬೈಲ್ ಹಿಡಿದು ಕೂತು, ಜಾಹೀರಾತು ಬಂದಾಗೆಲ್ಲ ನಿಲ್ಲಿಸಿ, ಎಲ್ಲವನ್ನೂ ಜಾಗಕ್ಕೆ ಕೂರಿಸಿದ. ಹಾಡು ಶುರುವಾಯಿತು. ಸೆರಗುಗಳು ಮೇಲೆದ್ದವು. ಮೊಬೈಲಿನಿಂದ ಅವನ ಧ್ವನಿ ಬಂತು: "ಹೆಣದ ಹೊಟ್ಟಿ ನೋಡ್ರಿ. ಹೋಳಿಗಿ ಜಾಸ್ತಿ ಆಗೈತಿ." ಮೊದಲು ಖಾಲಾ ನಕ್ಕಳು. ಆಮೇಲೆ ಚಾಪೆಗೆ ಚಾಪೆಯೇ ನಕ್ಕಿತು. ಅವ್ವ ಪಕ್ಕೆ ಹಿಡಿದುಕೊಂಡು ನಕ್ಕಳು. ನಾವು ಬೀಗಿದೆವು.

ಮಾಡಿದ್ದುಣ್ಣೋ ಮಹರಾಯ. ಎರಡು ವಾರ ಕಳೆಯುವುದರೊಳಗೆ ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಗೆ ಬಂದು ಕೂತರು.

"ಆ ಹಾಡು ಮೊಬೈಲಿನಾಗ ಮತ್ತ ಹಚ್ಚಿ ನೋಡಿದ್ವಿ ಬೇಟಿ," ಎಂದಳು ಖಾಲಾ. "ಅಳು ಬರವಲ್ದು. ಬರೇ ಹೊಟ್ಟಿ ಕಾಣ್ತೈತಿ."

"ಹಬ್ಬಕ್ಕೊಮ್ಮಿ ಅಳ್ತಿದ್ವಿ, ಅದನ್ನೂ ಕಸಗೊಂಡ್ರಿ," ಎಂದಳು ಅವ್ವ. "ನಮ್ಮ ಅಳು ನಮಗ ವಾಪಸ್ ಕೊಡ್ರಿ."

"ಅಳಬೇಕಂದ್ರ ಸಿನಿಮಾನ ಬೇಕೇನವ್ವ? ಹಂಗ ಅಳು," ಎಂದೆ.

"ಹಂಗ ಅತ್ರ ಯಾಕ, ಏನಾತು ಅಂತ ಹತ್ತು ಮಂದಿ ಕೇಳ್ತಾರ. ಸಿನಿಮಾ ನೋಡಿ ಅತ್ರ ಯಾರೂ ಕೇಳಂಗಿಲ್ಲ."

ಅವಳು ಸಿಟ್ಟಿನಲ್ಲಿ ಅಂದಳೋ, ಬೇಡಿಕೊಂಡಳೋ ತಿಳಿಯಲಿಲ್ಲ. ನನ್ನ ನಗು ಮಾತ್ರ ಅಲ್ಲೇ ನಿಂತಿತು. ಖಾಲಾನ ಮಗನಿಗೆ ಹೇಳಿದೆ. ಅವನು, "ಬಿಚ್ಚಿದವ್ರೇ ಕಟ್ಟಬೇಕಲ್ಲ ಅಕ್ಕಾ," ಎಂದ. ಅಳಿಸುವಂಥ ಹೊಸ ಆಡಿಯೋ ಮಾಡಿದೆವು. ಅವನು ಮಣ್ಣು ಮಾಡಲು ಹೋದವರ ದನಿ ತೆಗೆದು, "ತಾಯಂದಿರೇ, ಈಗ ಹಾವು ಬರ್ತೈತಿ, ದಯಮಾಡಿ ದುಃಖಪಡ್ರಿ," ಎಂದ. ಹೆಂಗಸರು ಮೊದಲಿಗಿಂತ ಜೋರಾಗಿ ನಕ್ಕರು. ಇನ್ನೊಮ್ಮೆ ಮೊಬೈಲಿನ ಸಿನಿಮಾವನ್ನೇ ಟಿವಿಗೆ ಹಾಕಿ, ಹೊಟ್ಟೆ ಕಾಣುವ ಜಾಗಕ್ಕೆ ಕಾಗದ ಅಂಟಿಸಿದೆ. ಖಾಲಾ ಸ್ವಲ್ಪ ಹೊತ್ತು ಬಿಗಿಯಾಗಿ ಕೂತು, "ಕಾಗದಾನೂ ಉಸಿರಾಡಾಕತ್ತೈತಿ!" ಎಂದು ಚಾಪೆಯ ಮೇಲೆ ಉರುಳಿದಳು. ಅವ್ವ ನಗಲೂ ಇಲ್ಲ, ಅಳಲೂ ಇಲ್ಲ. ಎದ್ದು ಹೋಗಿ ಒಲೆ ಒರೆಸಿದಳು.

ಯುಗಾದಿ ಬಂತು. ಅದೇ ಚಾಪೆ, ಅದೇ ಸಿನಿಮಾ. ಅವ್ವ ನಮ್ಮಿಬ್ಬರನ್ನೂ ನೋಡಿ, "ಬಾಯಿ ಮುಚಗೊಂಡು ಕುಂದರ್ರಿ," ಎಂದಳು. ರಿಮೋಟ್ ತೆಗೆದುಕೊಂಡು ಟಿವಿಯ ದನಿಯನ್ನೂ ಪೂರ್ತಿ ಇಳಿಸಿದಳು. ಸೊಸೆ ದನಿಯಿಲ್ಲದೆ ಹೆಣದ ಮೇಲೆ ಬಿದ್ದು ಬಾಯಿ ತೆರೆದು ಮುಚ್ಚತೊಡಗಿದಳು. ಯಾರಿಗೂ ಅಳು ಬರಲಿಲ್ಲ. ಆಗ ಅವ್ವನೇ ಶುರು ಮಾಡಿದಳು.

"ನೋಡ್ರಿ ಈಕೀನ. ಗಂಡ ಸತ್ತಾನ, ತುರುಬು ಒಂದೀಟೂ ಕೆದರಿಲ್ಲ."

ಹೆಂಗಸರು ನಕ್ಕರು.

"ಹಾಡಾಕ ಎಷ್ಟು ಪುರುಸೊತ್ತು ಐತಿ ನೋಡು ಆಕಿಗೆ. ನಮ್ಮ ಮನಿಯವ್ರು ಹೋದಾಗ ಬಂದವ್ರೆಲ್ಲ ನನ್ನ ಕೇಳಿದ್ದು ಒಂದ, ಆಧಾರ್ ಕಾರ್ಡ್ ಎಲ್ಲೈತಿ? ಟ್ರಂಕಿನಾಗ ತಲಿ ಹಾಕ್ಕೊಂಡು ಹುಡುಕಾಕತ್ತಿದ್ನಿ. ಅಳಾಕ ಬಂದವ್ರು ಅತ್ತು ಹೋದ್ರು. ನಾನಿನ್ನೂ ಟ್ರಂಕಿನಾಗ ಇದ್ನಿ."

ಎಲ್ಲರೂ ಇನ್ನೂ ಜೋರಾಗಿ ನಕ್ಕರು. ನಾನೂ ನಕ್ಕೆ. ಅಷ್ಟರಲ್ಲಿ ಪರದೆಯ ಮೇಲೆ ಹೊಗೆ ಎದ್ದಿತು, ದೇವಿ ಬಂದಳು, ಗಂಡ ಕಣ್ಣುಜ್ಜಿಕೊಂಡು ಎದ್ದು ಕೂತ.

"ಎದ್ದ ನೋಡ್ರಿ," ಎಂದಳು ಅವ್ವ. "ಆಕಿ ಗಂಡ ಹಬ್ಬ ಹಬ್ಬಕ್ಕ ಏಳ್ತಾನ."

ಈ ಸಲ ಯಾರೂ ನಗಲಿಲ್ಲ. ಖಾಲಾ ಸರಿದು ಬಂದು ಅವ್ವನ ಬೆನ್ನ ಮೇಲೆ ಕೈ ಇಟ್ಟಳು. ಅಪ್ಪ ಹೋಗಿ ಇಷ್ಟು ವರ್ಷಕ್ಕೆ, ಅವ್ವ ಸದ್ದು ಮಾಡಿ ಅತ್ತದ್ದನ್ನು ನಾನು ಅವತ್ತೇ ಮೊದಲ ಸಲ ಕೇಳಿದೆ.