ದೊಡ್ಡಕ್ಷರದ ಶರಣಮ್ಮ

ಇಂದು ಬೆಳಿಗ್ಗೆ ಅಂಗಡಿಯ ಕಂಪ್ಯೂಟರು ನನ್ನ ಹೊಸ ಪಾಸ್‌ವರ್ಡನ್ನು ಒಪ್ಪಲಿಲ್ಲ. ಇಂಗ್ಲಿಷಿನ ದೊಡ್ಡಕ್ಷರ ಒಂದಾದರೂ ಬೇಕಂತೆ. ದೊಡ್ಡಕ್ಷರ ಎಂದರೆ ಸಾಕು, ನನಗೆ ಮಸ್ಕಿಯ ಶರಣಮ್ಮ ನೆನಪಾಗುತ್ತಾಳೆ, ಕಿವಿ ಬಿಸಿಯಾಗುತ್ತದೆ.

ಕೆಲವು ವರ್ಷಗಳ ಹಿಂದಿನ ಮಾತು. ಸಿಂಧನೂರಿನಲ್ಲಿ ಅರ್ಜಿ ತುಂಬಿಕೊಡುವ ನನ್ನ ಅಂಗಡಿ ಹೊಸದು. ನನ್ನ ಜಂಬ ಅದಕ್ಕಿಂತ ಹೊಸದು. ಆಗಷ್ಟೇ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ವಿದ್ಯೆ ಕಲಿತಿದ್ದೆ. ಹುಡುಕಬೇಕಾದ ಪದದ ನಮೂನೆ ಬರೆದುಕೊಟ್ಟರೆ ಎಷ್ಟು ಉದ್ದದ ಪಟ್ಟಿಯನ್ನಾದರೂ ಕಂಪ್ಯೂಟರು ಕ್ಷಣದಲ್ಲಿ ಜಾಲಾಡುತ್ತದೆ. ಕಣ್ಣಿಟ್ಟು ಓದುವವರನ್ನು ಕಂಡರೆ ನನಗೆ ಕನಿಕರ ಬರುತ್ತಿದ್ದ ಕಾಲ ನೋಡಿ ಅದು.

ಶರಣಮ್ಮ ಲಿಂಗಸುಗೂರಿನ ಒಂದು ವಸತಿಶಾಲೆಯ ಅಡುಗೆ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಆಯ್ಕೆಪಟ್ಟಿ ಬಂದ ದಿನ ಅದರಲ್ಲಿ ತನ್ನ ಹೆಸರು ನೋಡಿಸಲು ನನ್ನ ಅಂಗಡಿಗೆ ಬಂದಳು. ಆಯ್ಕೆಯಾದವರು ಅಂದೇ ಸಂಜೆಯೊಳಗೆ ಆ ಶಾಲೆಯಲ್ಲಿ ಕಾಗದಪತ್ರ ತೋರಿಸಬೇಕು. ನಾನು ಅವಳ ಹೆಸರನ್ನೂ ಊರನ್ನೂ ಟಕಟಕ ಒತ್ತಿದೆ.

“ನಿನ್ನ ಹೆಸರಿಲ್ಲಕ್ಕಾ.”

“ಇನ್ನೊಮ್ಮೆ ನೋಡ್ರಿ. ಭಾಳ ಆಸೆ ಇಟಗೊಂಡು ಬಂದೀನಿ.”

“ಮನುಷ್ಯಾ ತಪ್ತಾನ, ಇದು ತಪ್ಪಂಗಿಲ್ಲ.”

ಅವಳು ಕಾಗದದ ಚೀಲ ಎತ್ತಿಕೊಂಡು ಬಸ್ಸು ಹತ್ತಲು ಹೋದಳು. ಬಳಿಕ ಬಂದ ಇಬ್ಬರ ಹೆಸರೂ ಇಲ್ಲ. ಮೂರನೆಯವ, ಮುದಗಲ್ಲಿನ ರಾಜಾಸಾಬ, ಪರದೆಗೆ ಬೆರಳಿಟ್ಟು ಕೇಳಿದ: “ಇದು ನನ್ನ ಹೆಸರಲ್ಲೇನ್ರೀ?”

ಪಟ್ಟಿಯೆಲ್ಲ ಇಂಗ್ಲಿಷಿನ ದೊಡ್ಡಕ್ಷರ, ನಾನು ಒತ್ತಿದ್ದು ಸಣ್ಣಕ್ಷರ. ಕಂಪ್ಯೂಟರಿಗೆ ಅವೆರಡೂ ಬೇರೆ ಬೇರೆ. ಆ ಭೇದ ಎಣಿಸಬೇಡವೆಂದು ಹೇಳಲು ನಮೂನೆಗೆ ಒಂದು ಪುಟ್ಟ ಗುರುತು ಸೇರಿಸಬೇಕಿತ್ತು, ಅಷ್ಟೇ. ಸೇರಿಸಿದೆ. ಆ ಇಬ್ಬರ ಹೆಸರು ಆಗಲೂ ಇರಲಿಲ್ಲ. ಆದರೆ ಥಟ್ಟನೆ ಪರದೆಗೆ ಬಂದಳು ಶರಣಮ್ಮ.

ಅವಳ ಫೋನು ಹತ್ತಲಿಲ್ಲ. ನಾನು ಬೈಕು ಹತ್ತಿದೆ.

ಮಸ್ಕಿಯಲ್ಲಿ ಲಿಂಗಸುಗೂರಿನ ಬಸ್ಸು ಆಗಷ್ಟೇ ನಿಂತಿತ್ತು. ಕಿಟಕಿಗೆ ಮುಖ ಒಡ್ಡಿ “ಶರಣಮ್ಮಾ!” ಎಂದು ಕೂಗಿದೆ. ಮೂವರು ಎದ್ದು ನಿಂತರು.

“ಅಡಿಗಿ ಮಾಡೋ ಶರಣಮ್ಮ!”

ಒಬ್ಬಳೂ ಕೂರಲಿಲ್ಲ. ಅವರ ಹಿಂದಿನಿಂದ ನಾಲ್ಕನೆಯವಳು ಇಣುಕಿದಳು. ಅವಳೇ.

“ಈಗೇನ್ ಹೇಳಾಕ ಬಂದೀರಿ?”

“ಇಳೀಬ್ಯಾಡಕ್ಕಾ! ಇದ ಬಸ್ಸಿನಾಗ ಲಿಂಗಸುಗೂರಿಗೆ ಹೋಗು. ನಿನ್ನ ಹೆಸರು ಬಂದೈತಿ.”

“ಬಂದಿದ್ದಲ್ರೀ ಅದು, ಮೊದಲ ಇತ್ತು,” ಎಂದು ಶರಣಮ್ಮ ಚೀಲವನ್ನು ಮಡಿಲಿಗೆ ಎಳೆದುಕೊಂಡು ಕುಳಿತಳು. ಉಳಿದ ಮೂವರು ಮಾತ್ರ ನಿಂತೇ ನನ್ನನ್ನು ದುರುಗುಟ್ಟಿ ನೋಡುತ್ತಿದ್ದರು.

ಕೆಲಸ ಸಿಕ್ಕಿತು. ಈಗ ಆ ಅಡುಗೆಮನೆಗೆ ಅವಳೇ ಯಜಮಾನಿ.

ನಾನೋ, “ಇಲ್ಲ” ಎನ್ನುವ ಮುನ್ನ ಆ ಗುರುತು ಹಾಕಿ ಹುಡುಕುತ್ತೇನೆ; ಆಮೇಲೆ ಪಟ್ಟಿಯನ್ನು ಸಾಲುಸಾಲಾಗಿ ಕಣ್ಣಿಟ್ಟು ಓದುತ್ತೇನೆ. ಇಂದು ಮಧ್ಯಾಹ್ನ ಮುಕ್ಕುಂದದ ಹೆಣ್ಣುಮಗಳೊಬ್ಬಳು ಗೊಣಗಿದಳು: “ಕಂಪ್ಯೂಟರ್ ಇದ್ರೂ ಇಷ್ಟ್ಯಾಕ ತಡಾ ಮಾಡಾಕತ್ತೀರಿ?”

“ಕೂಡವ್ವಾ,” ಎಂದೆ, “ಇನ್ನೂ ಎರಡು ಪುಟ ಅದಾವ.”